ತೇರಿನ ನೆತ್ತಿಯ ಮೇಲೆ ಡ್ರೋನ್

ಪುಷ್ಪಕವಿಮಾನದ ಕಥೆಯನ್ನು ಕೇಳಿ ಬೆಳೆದ ನಮಗೆ ಗಗನಗಮನವೆಂಬುದು ಹೊಸ ಕಲ್ಪನೆಯೇನೂ ಅಲ್ಲ. ಆದರೆ ಆ ಪುಷ್ಪಕದಲ್ಲಿ ಜನರು ಕುಳಿತಿದ್ದರು. ಕೆಡುಕು ಒದಗುವುದಾದರೆ ಮೊದಲು ಕುಳಿತವರಿಗೇ ಒದಗಬೇಕು. ಡ್ರೋನ್ ಎಂದು ಈಗ ಎಲ್ಲರೂ ಕರೆಯುವ ಯಂತ್ರದಲ್ಲಿ ಕುಳಿತವರಾರೂ ಇಲ್ಲ. ನಡೆಸುವವನು ಕೈಯಲ್ಲಿ ಪುಟ್ಟ ಪೆಟ್ಟಿಗೆಯೊಂದನ್ನು ಹಿಡಿದು ದೂರದಲ್ಲಿ ಕ್ಷೇಮವಾಗಿ ನಿಂತಿರುತ್ತಾನೆ. ಯಂತ್ರವು ಬಿದ್ದರೆ ಬೀಳುವುದು, ಅದನ್ನು ಕೊಳ್ಳದ, ಹಾರಿಸದ, ಹಾರಿಸೆಂದು ಹೇಳಿಯೂ ಇರದ ಯಾರದೋ ತಲೆಯ ಮೇಲೆ. ಈ ಅನ್ಯಾಯವನ್ನು ಕುರಿತು ನಾಲ್ಕು ಮಾತುಗಳನ್ನು ವಾಚಕ ಮಹಾಶಯರ ಮುಂದಿಡಬೇಕೆಂಬುದೇ ಈ ಲೇಖನದ ಉದ್ದೇಶ.

ಕನ್ನಡ ಪಂಡಿತನು ಯಂತ್ರಶಾಸ್ತ್ರಕ್ಕೆ ಕೈಯಿಕ್ಕಿದನೇಕೆಂದು ಕೆಲವರು ಹುಬ್ಬೇರಿಸಬಹುದು. ನಿಜ, ಶಬ್ದಮಣಿದರ್ಪಣ, ಕಾವ್ಯಾವಲೋಕನಗಳ ಎಲ್ಲೆಯೊಳಗೆ ಮುಗಿಯುವ ವಿದ್ಯೆ ನನ್ನದು. ಆದುದರಿಂದ ಶಬ್ದದಿಂದಲೇ ತೊಡಗುತ್ತೇನೆ. ‘ಡ್ರೋನ್’ ಎಂಬ ಮಾತಿಗೆ ಇಂಗ್ಲಿಷಿನಲ್ಲಿ ಗಂಡು ಜೇನುನೊಣವೆಂದು ಮೂಲಾರ್ಥ. ೧೯೩೫ರ ಸುಮಾರಿಗೆ ಬ್ರಿಟಿಷರು ತಮ್ಮ ಫಿರಂಗಿಗಳ ಗುರಿಯ ಅಭ್ಯಾಸಕ್ಕಾಗಿ ನಿರ್ಮಿಸಿದ ಚಾಲಕರಹಿತ ವಿಮಾನಕ್ಕೆ ‘ಕ್ವೀನ್ ಬೀ’, ಎಂದರೆ ರಾಣಿಜೇನು, ಎಂದು ಹೆಸರಿಟ್ಟರು. ಅದರ ಬೆನ್ನಿಗೇ ಗಂಡುಜೇನಿನ ಹೆಸರೂ ಬಂದಿತೆಂದು ಹೇಳುತ್ತಾರೆ. ನನ್ನ ಎಂಟನೆಯ ತರಗತಿಯ ಮಕ್ಕಳು ಇದನ್ನು ‘ದ್ರೋಣ’ವೆಂದೇ ಉಚ್ಚರಿಸುತ್ತಾರೆ, ತಿದ್ದಲು ಮನಸ್ಸಾಗಿಲ್ಲ. ಗಂಡು ಜೇನಿಗೆ ಚುಚ್ಚುವ ಮುಳ್ಳಿಲ್ಲವೆಂಬುದನ್ನು ಜೇನು ಸಾಕುವವರೆಲ್ಲ ಬಲ್ಲರು. ಈ ಯಂತ್ರಕ್ಕಾದರೋ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ನಾಲ್ಕು ಅಲಗಿನ ಚಕ್ರಗಳುಂಟು. ಹೆಸರು ಸೌಮ್ಯವಾದುದರಿಂದ ವಸ್ತುವೂ ಸೌಮ್ಯವೆಂದು ಬಗೆಯಲಾಗದು.

ನನ್ನ ಕಣ್ಣೆದುರಿನಲ್ಲಿ ನಡೆದ ಸಂಗತಿಯೊಂದನ್ನು ಹೇಳಿಯೇ ಮುಂದುವರಿಯಬೇಕು. ನಾಲ್ಕು ವರ್ಷಗಳ ಹಿಂದೆ ಬಯಲುಸೀಮೆಯ ಒಂದು ಊರಿನ ರಥೋತ್ಸವಕ್ಕೆ ಉಪನ್ಯಾಸಕನಾಗಿ ಹೋಗಿದ್ದೆ. ಊರಿನ ಹೆಸರು ಇಲ್ಲಿ ಬೇಡ. ಇಳಿಹೊತ್ತು, ನಂದಿಕೋಲು, ಸಮಾಳಗಳು ಮುಂದೆ ನಡೆದು, ತೇರಿನ ಮಿಣಿಗೆ ನೂರಾರು ಕೈಗಳು ಸೇರಿದ್ದವು. ನಮ್ಮ ಕಡೆಯ ತೇರುಗಳಿಗೆ ಭಕ್ತರು ಬಾಳೆಯಹಣ್ಣು, ಉತ್ತತ್ತಿಗಳನ್ನು ಎಸೆಯುವ ಸಂಪ್ರದಾಯವಿದೆಯಷ್ಟೆ. ಕಳಸಕ್ಕೆ ತಾಗಿದರೆ ಹರಕೆ ಸಂದಿತೆಂದು ನಂಬಿಕೆ. ಎಲ್ಲರೂ ಗುರಿಯಿಡುವ ಆ ಕಳಸದ ಪಕ್ಕದಲ್ಲಿಯೇ, ಹತ್ತು ಹನ್ನೆರಡು ಅಡಿಗಳ ಅಂತರದಲ್ಲಿ, ಡ್ರೋನೊಂದು ಗುಯ್ಗುಡುತ್ತ ನಿಂತಿತ್ತು. ಅದನ್ನು ನಡೆಸುತ್ತಿದ್ದವನು ನನ್ನ ಹಳೆಯ ವಿದ್ಯಾರ್ಥಿ, ವಿನಯವಂತ, ಮದುವೆ ಮುಂಜಿಗಳ ಚಿತ್ರ ತೆಗೆದು ಸಂಸಾರ ನಡೆಸುವ ಹುಡುಗ. ಸಾಲ ಮಾಡಿ ಆ ಯಂತ್ರವನ್ನು ಕೊಂಡಿದ್ದನು.

ಯಾರೋ ಎಸೆದ ಬಾಳೆಯಹಣ್ಣು ಕಳಸಕ್ಕೆ ತಾಗದೆ ಅದಕ್ಕೆ ತಾಗಿತು. ಅದರಲ್ಲಿ ಕುಚೋದ್ಯವೇನೂ ಇರಲಿಲ್ಲ, ಗುರಿ ತಪ್ಪಿತು, ಅಷ್ಟೆ. ನಾಲ್ಕು ಚಕ್ರಗಳಲ್ಲಿ ಒಂದು ಮುರಿದರೆ ಅಂತಹ ಯಂತ್ರವು ಸಮತೋಲವನ್ನು ಕಳೆದುಕೊಂಡು ಉರುಳಿಬೀಳುವುದೆಂಬುದನ್ನು ಆಮೇಲೆ ತಿಳಿದೆ. ಆಗ ಕಂಡದ್ದು, ಗರಗರನೆ ಸುತ್ತುತ್ತ ಓರೆಯಾಗಿ ಇಳಿದು ಬಂದ ಒಂದು ಕಪ್ಪು ವಸ್ತು. ಅದು ಬಳೆಯಂಗಡಿಯ ತಾಡಪಾಲಿನ ಮೇಲೆ ಬಿದ್ದು, ಪುಟಿದು, ಅಜ್ಜಿಯ ಕೈ ಹಿಡಿದು ನಿಂತಿದ್ದ ಏಳೆಂಟು ವರ್ಷದ ಹುಡುಗಿಯ ಹುಬ್ಬಿನ ಮೇಲೆ ಸೀಳಿತು. ಮೂರು ಹೊಲಿಗೆ ಬಿದ್ದವು. ಕಣ್ಣು ಉಳಿಯಿತು. ಬೆರಳಗಲದ ಅಂತರದಲ್ಲಿ ಉಳಿಯಿತು.

ಜನರು ಬೆಚ್ಚಿ ಹಿಂದಕ್ಕೆ ಸರಿದರು. ಜಾತ್ರೆಯಲ್ಲಿ ಹಿಂದಕ್ಕೆ ಸರಿಯುವುದೆಂದರೆ ಹಿಂದಿರುವವನನ್ನು ತಳ್ಳುವುದೆಂದೇ ಅರ್ಥ. ಆ ತಳ್ಳಾಟದಲ್ಲಿ ಮಿಣಿ ಹಿಡಿದಿದ್ದ ಒಬ್ಬನು ಕಾಲು ಜಾರಿ ಬಿದ್ದನು. ಗಾಲಿಗೆ ಮರದ ತಡೆಯನ್ನು ಕೊಡುವ ಹಿರಿಯರಿಬ್ಬರು ಎಚ್ಚರದಲ್ಲಿದ್ದುದರಿಂದ ತೇರು ನಿಂತಿತು. ಗಾಲಿಗೂ ಬಿದ್ದವನಿಗೂ ನಡುವೆ ಇದ್ದುದು ಎರಡು ಮಾರು. ಆ ಹಿರಿಯರು ಎಚ್ಚರದಲ್ಲಿದ್ದರು ಎಂದೆನಷ್ಟೆ. ಅದಕ್ಕೆ ಒಂದು ಕ್ಷಣ ಮುಂಚೆ ಅವರ ಪಕ್ಕದಲ್ಲಿದ್ದವರೆಲ್ಲರೂ, ನಾನೂ ಸೇರಿ, ತಲೆಯೆತ್ತಿ ಡ್ರೋನನ್ನು ನೋಡುತ್ತಿದ್ದೆವು. ಉರುಳುವ ಗಾಲಿಯ ಬಳಿ ನಿಂತವನ ದೃಷ್ಟಿ ನೆಲದ ಮೇಲಿರಬೇಕು. ಅದನ್ನು ಆಕಾಶಕ್ಕೆ ಸೆಳೆಯುವ ವಸ್ತುವು ಕೆಳಕ್ಕೆ ಬೀಳದೆಯೇ ಕೇಡು ಮಾಡಬಲ್ಲದು.

ಆಸ್ಪತ್ರೆಯ ಜಗಲಿಯಲ್ಲಿ ಆ ಅಜ್ಜಿ ನನ್ನನ್ನು ಕೇಳಿದ್ದು ಒಂದೇ ಮಾತು: “ಮೇಷ್ಟ್ರೇ, ನಾವು ತೇರಿಗೆ ಕೈ ಮುಗಿಯಾಕೆ ಬಂದಿದ್ವಿ. ಅದ್ಯಾಕೆ ನಮ್ಮ ತಲೀ ಮ್ಯಾಲೆ ಬಂತು?” ಉತ್ತರ ಹೊಳೆಯಲಿಲ್ಲ. ಏಕೆಂದರೆ ಅದಕ್ಕೆ ಹಿಂದಿನ ದಿನ, ಸ್ಮರಣ ಸಂಚಿಕೆಯ ಮುಖಪುಟಕ್ಕೆ ಕಳಸವನ್ನು ಮೇಲಿನಿಂದ ತೆಗೆದ ಚಿತ್ರವೇ ಬೇಕೆಂದು ಆ ಹುಡುಗನಿಗೆ ಹೇಳಿದವರ ಗುಂಪಿನಲ್ಲಿ ನಾನೂ ತಲೆಯಾಡಿಸಿದ್ದೆ. ಘಟನೆಯ ತರುವಾಯ ಎಲ್ಲರೂ ಹುಡುಗನನ್ನು ದೂರಿದರು. ಔಷಧೋಪಚಾರದ ವೆಚ್ಚವನ್ನು ಅವನೊಬ್ಬನೇ ತೆತ್ತನು. ಅವನ ಬಳಿ ಹಾರಿಸುವ ಪ್ರಮಾಣಪತ್ರವಿರಲಿಲ್ಲ, ವಿಮೆಯಿರಲಿಲ್ಲ. ಅಂತಹವು ಬೇಕೆಂಬುದೂ ಅವನಿಗೆ ತಿಳಿದಿರಲಿಲ್ಲ. ಆದರೆ ಇವೆ ಏನಪ್ಪಾ ಎಂದು ಅವನನ್ನು ಕೇಳಿದವರು ನಮ್ಮಲ್ಲಿ ಯಾರಿದ್ದರು?

ಇಂತಹುದು ಅಪರೂಪದ ಆಕಸ್ಮಿಕ, ಇದನ್ನೇ ಹಿಡಿದು ಎಳೆಯಬೇಡಿರೆಂದು ಮಿತ್ರರೊಬ್ಬರು ಹೇಳಿದರು. ಯಂತ್ರವು ಬೀಳುವುದು ಅಪರೂಪವೇ ಇರಬಹುದು. ಆದರೆ ಬೀಳದ ಯಂತ್ರವಂತೂ ಇಲ್ಲ. ೨೦೧೫ರ ಡಿಸೆಂಬರ್ ೨೨ರಂದು ಇಟಲಿಯ ಮಡೊನ್ನ ದಿ ಕಾಂಪೀಲ್ಯೊ ಎಂಬಲ್ಲಿ, ಹಿಮದ ಇಳಿಜಾರಿನಲ್ಲಿ ಜಾರುವ ಸ್ಪರ್ಧೆ ನಡೆಯುತ್ತಿರುವಾಗ, ಆಸ್ಟ್ರಿಯದ ಪ್ರಸಿದ್ಧ ಕ್ರೀಡಾಪಟು ಮಾರ್ಸೆಲ್ ಹಿರ್ಷರ್ ಅವರ ಬೆನ್ನ ಹಿಂದೆಯೇ ಚಿತ್ರ ತೆಗೆಯುವ ದೊಡ್ಡ ಡ್ರೋನೊಂದು ಅಪ್ಪಳಿಸಿತು. ಅರೆಕ್ಷಣ ಮೊದಲಾಗಿದ್ದರೆ ಅವರ ಮೇಲೆಯೇ ಬೀಳುತ್ತಿತ್ತು. ಅದೇ ವರ್ಷ ಅಮೆರಿಕದ ಸಿಯಾಟಲ್ ನಗರದ ಮೆರವಣಿಗೆಯೊಂದರಲ್ಲಿ ಡ್ರೋನು ಕಟ್ಟಡಕ್ಕೆ ತಾಗಿ ಬಿದ್ದು ಮಹಿಳೆಯೊಬ್ಬಳು ಎಚ್ಚರ ತಪ್ಪಿದಳು; ಹಾರಿಸಿದವನಿಗೆ ನ್ಯಾಯಾಲಯದಲ್ಲಿ ಶಿಕ್ಷೆಯಾಯಿತು. ೨೦೨೪ರ ಡಿಸೆಂಬರ್ ೨೧ರಂದು ಅಮೆರಿಕದ ಆರ್ಲಾಂಡೊ ನಗರದ ಕೆರೆಯೊಂದರ ಮೇಲೆ ನೂರಾರು ದೀಪದ ಡ್ರೋನುಗಳ ಪ್ರದರ್ಶನ ನಡೆಯುತ್ತಿದ್ದಾಗ ಕೆಲವು ಯಂತ್ರಗಳು ದಾರಿ ತಪ್ಪಿ, ದಡದಲ್ಲಿ ನೋಡುತ್ತಿದ್ದ ಏಳು ವರ್ಷದ ಬಾಲಕನ ಎದೆಗೆ ಒಂದು ಬಡಿಯಿತು. ಆ ಮಗುವಿಗೆ ಹೃದಯದ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಇದಕ್ಕೆ ಮುಂಚೆ, ೨೦೧೮ರಲ್ಲಿ ಹಾಂಗ್‌ಕಾಂಗಿನ ಪ್ರದರ್ಶನವೊಂದರಲ್ಲಿ ೪೬ ಡ್ರೋನುಗಳು ಸಾಲಾಗಿ ಬಿದ್ದವು. ಕೆಳಗಿದ್ದುದು ಸಮುದ್ರದ ನೀರಾದುದರಿಂದ ಅದು ಕೇವಲ ಹಣದ ನಷ್ಟವಾಯಿತು.

ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿ ರಕ್ಷಣಾ ಸಂಶೋಧನಾ ಸಂಸ್ಥೆಯವರ ಚಾಲಕರಹಿತ ವಿಮಾನಗಳ ಪರೀಕ್ಷಾಕ್ಷೇತ್ರವಿದೆ. ಅಲ್ಲಿಂದ ಹಾರಿದ ವಿಮಾನಗಳಲ್ಲಿ ಒಂದು ೨೦೧೯ರ ಸೆಪ್ಟೆಂಬರಿನಲ್ಲಿ ಚಳ್ಳಕೆರೆ ತಾಲ್ಲೂಕಿನ ತೋಟವೊಂದರ ಬಳಿಯೂ, ಮತ್ತೊಂದು ೨೦೨೩ರ ಆಗಸ್ಟಿನಲ್ಲಿ ಹಿರಿಯೂರು ತಾಲ್ಲೂಕಿನ ಹೊಲದಲ್ಲಿಯೂ ಬಿದ್ದವು. ದೇಶದ ಅಗ್ರಗಣ್ಯ ಎಂಜಿನಿಯರುಗಳ ಕೈಕೆಳಗಿನ ಯಂತ್ರಗಳಿಗೇ ಈ ಗತಿಯುಂಟಾದರೆ, ಮದುವೆಯ ಫೋಟೋ ತೆಗೆಯುವ ಹುಡುಗನ ಯಂತ್ರಕ್ಕೆ ಚಿರಂಜೀವಿತ್ವವೆಲ್ಲಿಯದು? ಅಲ್ಲಿ ಯಾರಿಗೂ ಗಾಯವಾಗಲಿಲ್ಲ, ಕೆಳಗೆ ಹೊಲವಿತ್ತು.

ಪೆಟ್ಟಿನ ಬಲವನ್ನು ತಿಳಿಯಲು ನಮ್ಮ ವಿಜ್ಞಾನ ಶಾಖೆಯ ಅಧ್ಯಾಪಕ ಮಿತ್ರರನ್ನು ಆಶ್ರಯಿಸಿದೆ. ಅರ್ಧ ಕಿಲೋ ತೂಕದ ವಸ್ತುವು ೩೦ ಮೀಟರ್, ಎಂದರೆ ಸುಮಾರು ನೂರು ಅಡಿ, ಎತ್ತರದಿಂದ ಬಿದ್ದರೆ, ಗಾಳಿಯ ತಡೆಯನ್ನು ಎಣಿಸದಿದ್ದಲ್ಲಿ, ನೆಲ ಮುಟ್ಟುವಾಗ ಗಂಟೆಗೆ ಸುಮಾರು ೮೭ ಕಿಲೋಮೀಟರ್ ವೇಗವನ್ನೂ ೧೪೭ ಜೂಲ್ ಶಕ್ತಿಯನ್ನೂ ಪಡೆದಿರುವುದೆಂದು ಕರಿಹಲಗೆಯ ಮೇಲೆ ಬರೆದು ತೋರಿಸಿದರು. ಗಾಳಿಯ ತಡೆಯಿಂದ ಇದು ಬಹಳ ಮಟ್ಟಿಗೆ ತಗ್ಗುವುದೆಂದೂ ಅವರೇ ಸೇರಿಸಿದರು. ಇನ್ನು ಅಮೆರಿಕದವರು ೨೦೨೧ರಲ್ಲಿ ಜಾರಿಗೆ ತಂದ ನಿಯಮವನ್ನು ನೋಡಿರಿ. ಜನರ ಮೇಲೆ ಹಾರಬಲ್ಲ ಡ್ರೋನುಗಳನ್ನು ಅವರು ನಾಲ್ಕು ವರ್ಗಗಳಾಗಿ ವಿಂಗಡಿಸಿದ್ದಾರೆ. ಎರಡನೆಯ ವರ್ಗದ ಯಂತ್ರವು ಒಬ್ಬನಿಗೆ ತಾಗಿದರೆ ಆಗುವ ಗಾಯವು, ಗಟ್ಟಿ ವಸ್ತುವೊಂದು ೧೧ ಅಡಿ-ಪೌಂಡು ಶಕ್ತಿಯಿಂದ ಬಡಿದಾಗ ಆಗುವ ಗಾಯಕ್ಕಿಂತ ಕಡಿಮೆಯಿರಬೇಕು. ನಮ್ಮ ಲೆಕ್ಕದಲ್ಲಿ ಅದು ಸುಮಾರು ೧೫ ಜೂಲ್. ಗಾಳಿಯು ಎಷ್ಟೇ ಕರುಣೆ ತೋರಿದರೂ ನೂರು ಅಡಿಯ ಪೆಟ್ಟನ್ನು ಅಷ್ಟಕ್ಕೆ ಇಳಿಸೀತೆಂದು ನಂಬಿ ಮಕ್ಕಳ ತಲೆಯನ್ನು ಪಣಕ್ಕಿಡಲಾಗದು.

ತೆಂಗಿನ ಮರದ ಕೆಳಗೆ ಮಲಗಬೇಡವೆಂದು ಹಿರಿಯರು ಗದರುತ್ತಿದ್ದರು. ಅವರೇ, ತೆಂಗಿನಕಾಯಿಗೆ ಮೂರು ಕಣ್ಣುಂಟು, ಅದು ನೋಡಿಕೊಂಡು ಬೀಳುವುದೆಂದು ಸಮಾಧಾನವನ್ನೂ ಹೇಳುತ್ತಿದ್ದರು. ಡ್ರೋನಿಗಿರುವುದು ಒಂದೇ ಕಣ್ಣು. ಅದರ ನೋಟವೆಲ್ಲ ಕಳಸದ ಮೇಲೆ.

ನಮ್ಮ ದೇಶದ ಕಾನೂನು ಏನು ಹೇಳುವುದೆಂಬ ಪ್ರಶ್ನೆ ಸಹಜವಾಗಿ ಏಳುವುದು. ಭಾರತ ಸರ್ಕಾರವು ೨೦೨೧ರ ಆಗಸ್ಟ್ ತಿಂಗಳಲ್ಲಿ ಡ್ರೋನ್ ನಿಯಮಾವಳಿಯನ್ನು ಹೊರಡಿಸಿತು. ಅದರಲ್ಲಿ ಯಂತ್ರಗಳನ್ನು ತೂಕಕ್ಕನುಗುಣವಾಗಿ ಐದು ವರ್ಗ ಮಾಡಲಾಗಿದೆ. ೨೫೦ ಗ್ರಾಂ ವರೆಗಿನವು ನ್ಯಾನೋ. ಅಲ್ಲಿಂದ ೨ ಕಿಲೋ ವರೆಗಿನವು ಮೈಕ್ರೋ. ಮೇಲಿನ ಮೂರು ವರ್ಗಗಳು ನಮಗೆ ಅಪ್ರಸ್ತುತ. ಜಾತ್ರೆ, ಮದುವೆಗಳಲ್ಲಿ ಕಾಣುವವು ಬಹುತೇಕ ಈ ಮೊದಲೆರಡು ವರ್ಗಗಳವೇ. ಮೈಕ್ರೋ ಯಂತ್ರವನ್ನು ಸಂಪಾದನೆಗಾಗಿ ಹಾರಿಸುವವನು ೧೮ ವರ್ಷ ತುಂಬಿ, ಹತ್ತನೆಯ ತರಗತಿಯನ್ನು ತೇರ್ಗಡೆಯಾಗಿ, ಮನ್ನಣೆ ಪಡೆದ ಸಂಸ್ಥೆಯಲ್ಲಿ ತರಬೇತಿ ಹೊಂದಿ ಪ್ರಮಾಣಪತ್ರವನ್ನು ಪಡೆದಿರಬೇಕು. ಯಂತ್ರಕ್ಕೆ ನೋಂದಣಿಯ ಸಂಖ್ಯೆ ಇರಬೇಕು. ಮೋಟಾರು ವಾಹನಗಳಿಗಿರುವಂತೆಯೇ ಮೂರನೆಯವರ ಹಾನಿಗೆ ವಿಮೆ ಇರಬೇಕು. ಅಪಘಾತವಾದರೆ ೪೮ ಗಂಟೆಗಳೊಳಗೆ ವರದಿ ಮಾಡಬೇಕು. ದೇಶದ ನಕ್ಷೆಗೆ ಹಸಿರು, ಹಳದಿ, ಕೆಂಪು ಬಣ್ಣಗಳ ವಲಯಗಳನ್ನು ಗುರುತಿಸಿ, ಹಸಿರಿನಲ್ಲಿ ೪೦೦ ಅಡಿಗಳವರೆಗೆ ಮುಂಗಡ ಅನುಮತಿಯಿಲ್ಲದೆ ಹಾರಿಸಲು ಅವಕಾಶ ಕೊಟ್ಟಿದ್ದಾರೆ. ನಿಯಮ ಮೀರಿದವನಿಗೆ ಒಂದು ಲಕ್ಷ ರೂಪಾಯಿಗಳವರೆಗೆ ದಂಡವುಂಟು.

ಇದೆಲ್ಲವೂ ಉಪಯುಕ್ತವಾದುದೇ. ಆದರೆ ಗಮನವಿಟ್ಟು ಓದಿದರೆ ಒಂದು ಕೊರತೆ ಕಾಣುವುದು. ಯಂತ್ರದ ತೂಕವನ್ನು ಅಳೆದಿದ್ದಾರೆ, ಎತ್ತರವನ್ನು ಅಳೆದಿದ್ದಾರೆ, ವಿಮಾನ ನಿಲ್ದಾಣದ ದೂರವನ್ನೂ ಅಳೆದಿದ್ದಾರೆ. ಕೆಳಗಿರುವ ತಲೆಗಳಿಂದ ಎಷ್ಟು ದೂರವೆಂಬುದನ್ನು ಅಳೆದಿಲ್ಲ. ಯಾವ ವ್ಯಕ್ತಿಯ ಅಥವಾ ಆಸ್ತಿಯ ಸುರಕ್ಷತೆಗೂ ಧಕ್ಕೆಯಾಗುವಂತೆ ಹಾರಿಸಬಾರದೆಂಬ ಸಾಮಾನ್ಯ ವಿಧಿಯೊಂದಿದೆ. ಸಾಮಾನ್ಯ ವಿಧಿಯು ಅಪಘಾತವಾದ ಮೇಲೆ ದಂಡಿಸಲು ಒದಗೀತು. ಅಪಘಾತಕ್ಕೆ ಮುಂಚೆ, “ಇಲ್ಲಿ ಬೇಡಪ್ಪಾ” ಎಂದು ಹೇಳುವ ಪೇದೆಯ ಕೈಗೆ ಅಳತೆಗೋಲು ಬೇಕು.

ನ್ಯಾನೋ ಯಂತ್ರದ ವಿಷಯದಲ್ಲಿಯಂತೂ ನಮ್ಮ ಔದಾರ್ಯ ಮಿತಿಮೀರಿದ್ದೆಂದು ನನ್ನ ಎಣಿಕೆ. ಅದಕ್ಕೆ ಪ್ರಮಾಣಪತ್ರವೂ ಬೇಡ, ವಿಮೆಯೂ ಬೇಡ. ಅಮೆರಿಕದವರೂ ಮೊದಲನೆಯ ವರ್ಗಕ್ಕೆ ಹೆಚ್ಚು ಕಡಿಮೆ ಇದೇ ೨೫೦ ಗ್ರಾಂ ಮಿತಿಯನ್ನು ಇಟ್ಟಿದ್ದಾರೆ. ಆದರೆ ಜನರ ಮೇಲೆ ಹಾರುವುದಾದರೆ ಚರ್ಮವನ್ನು ಸೀಳುವಂತಹ ಅಲಗುಗಳು ಬರಿದಾಗಿ ಹೊರಗೆ ತಿರುಗುತ್ತಿರಬಾರದೆಂಬ ಷರತ್ತನ್ನೂ ಜತೆಗಿಟ್ಟಿದ್ದಾರೆ. ತೂಕ ಕಡಿಮೆಯಾದ ಮಾತ್ರಕ್ಕೆ ಅಲಗು ಮೊಂಡಾಗುವುದಿಲ್ಲ. ಕ್ಷೌರದ ಕತ್ತಿಯ ತೂಕವೆಷ್ಟು?

ಐರೋಪ್ಯ ಒಕ್ಕೂಟದ ನಿಯಮದಲ್ಲಿ ನನ್ನ ಮನಸ್ಸನ್ನು ಬಹುವಾಗಿ ಸೆಳೆದುದು ಅವರು ‘ಜನಸಂದಣಿ’ಗೆ ಕೊಟ್ಟ ಲಕ್ಷಣ. ೨೦೨೦ರ ಡಿಸೆಂಬರ್ ೩೧ರಿಂದ ಅನ್ವಯವಾದ ಆ ನಿಯಮದ ಪ್ರಕಾರ ವಿಶೇಷ ಅನುಮತಿಯಿಲ್ಲದ ಸಾಧಾರಣ ಹಾರಾಟವು ಜನಸಂದಣಿಯ ಮೇಲೆ ಸಲ್ಲದು. ಜನಸಂದಣಿಯೆಂದರೆ ಎಷ್ಟು ಮಂದಿ? ನೂರೇ, ಸಾವಿರವೇ? ಸಂಖ್ಯೆಯಿಂದ ಲಕ್ಷಣ ಹೇಳಹೊರಟರೆ ಅವ್ಯಾಪ್ತಿ ಅತಿವ್ಯಾಪ್ತಿ ದೋಷಗಳೆರಡೂ ತಪ್ಪವು. ವಿಶಾಲವಾದ ಬಯಲಿನಲ್ಲಿ ಚದರಿ ನಿಂತ ಐನೂರು ಮಂದಿ ಸಂದಣಿಯಲ್ಲ. ಓಣಿಯಲ್ಲಿ ಒತ್ತಾಗಿ ನಿಂತ ಅರುವತ್ತು ಮಂದಿ ಸಂದಣಿಯೇ ಹೌದು. ಆದುದರಿಂದ ಅವರು ಸಂಖ್ಯೆಯನ್ನು ಬಿಟ್ಟು, ನೆರೆದವರ ಒತ್ತಿನಿಂದಾಗಿ ಒಬ್ಬನು ತಾನಾಗಿ ಸರಿದುಹೋಗಲಾರದ ಕೂಟವೇ ಜನಸಂದಣಿಯೆಂದು ಹೇಳಿದರು. ಎಂತಹ ನಿರ್ದುಷ್ಟವಾದ ಸೂತ್ರ! ನಮ್ಮ ಲಾಕ್ಷಣಿಕರು ಮೆಚ್ಚಿ ತಲೆದೂಗುತ್ತಿದ್ದರು. ಹೊಲದಲ್ಲಿ ನಿಂತವನು ಮೇಲಿನಿಂದ ಬೀಳುವುದನ್ನು ಕಂಡರೆ ಎರಡು ಹೆಜ್ಜೆ ಪಕ್ಕಕ್ಕಿಟ್ಟಾನು. ತೇರಿನ ಮುಂದೆ ನಿಂತವನಿಗೆ ಆ ಎರಡು ಹೆಜ್ಜೆ ಇಲ್ಲ.

ಸರಿಯಲು ತೆರಪಿಲ್ಲದ ಜನ ಒಮ್ಮೆಲೇ ಸರಿಯಹೊರಟರೆ ಏನಾಗುವುದೆಂಬುದನ್ನು ಕನ್ನಡ ನಾಡು ಮರೆಯುವಂತಿಲ್ಲ. ೨೦೨೫ರ ಜೂನ್ ೪ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ ನೂಕುನುಗ್ಗಲಿನಲ್ಲಿ ೧೧ ಮಂದಿ ಪ್ರಾಣ ಬಿಟ್ಟರು. ಅಲ್ಲಿ ಡ್ರೋನಿನ ಮಾತಿಲ್ಲ. ಜನರ ಒತ್ತಡವೊಂದೇ ಸಾಕಾಯಿತು. ಅಂತಹ ಒತ್ತಡದ ನಡುವೆ ಆಕಾಶದಿಂದ ಏನೋ ಬಿತ್ತೆಂಬ ಕೂಗೆದ್ದರೆ, ಬಿದ್ದ ವಸ್ತುವಿನ ತೂಕವನ್ನು ಗ್ರಾಮುಗಳಲ್ಲಿ ಎಣಿಸಿ ಫಲವೇನು?

ಡ್ರೋನೇ ಬೇಡವೆಂದು ಹೇಳುವ ಮೂಢತನ ನನ್ನದಲ್ಲ. ೨೦೨೦ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಗಳ ಮನೆನಿವೇಶನಗಳನ್ನು ಅಳೆದುದು ಡ್ರೋನುಗಳೇ. ಮೊದಲ ಹಂತದಲ್ಲಿಯೇ ನಮ್ಮ ರಾಜ್ಯವೂ ಅದರಲ್ಲಿತ್ತು. ಹೊಲಗಳಿಗೆ ಔಷಧ ಸಿಂಪಡಿಸುವುದನ್ನು ಸ್ತ್ರೀಶಕ್ತಿ ಸಂಘಗಳ ತಾಯಂದಿರು ಕಲಿಯುತ್ತಿರುವುದು ಸಂತೋಷದ ಸಂಗತಿ. ೨೦೨೪ರ ಮೈಸೂರು ದಸರೆಯಲ್ಲಿ ಬನ್ನಿಮಂಟಪದ ಬಯಲಿನ ಮೇಲೆ ೧೫೦೦ ಡ್ರೋನುಗಳು ಬಿಡಿಸಿದ ಬೆಳಕಿನ ಚಿತ್ತಾರವನ್ನು ಮೊಮ್ಮಗನ ಫೋನಿನಲ್ಲಿ ಮೂರು ಸಲ ನೋಡಿದವನು ನಾನು. ಜಾತ್ರೆಯ ನೂಕುನುಗ್ಗಲು ಎಲ್ಲಿ ಬಿಗಿಯುತ್ತಿದೆಯೆಂದು ಪೊಲೀಸರು ಮೇಲಿನಿಂದ ನೋಡುವುದೂ ಪ್ರಾಣರಕ್ಷಕವಾದ ಕಾರ್ಯವೇ. ಆದರೆ ಅದನ್ನು ಜನರ ಅಂಚಿನಲ್ಲಿ, ಕೆರೆಯ ಏರಿಯ ಮೇಲೋ ಖಾಲಿ ಗದ್ದೆಯ ಮೇಲೋ ನಿಲ್ಲಿಸಿ ಓರೆಯಾಗಿ ನೋಡಬಹುದು. ದೂರದ್ದನ್ನು ಹತ್ತಿರ ಮಾಡಿ ತೋರಿಸುವ ಮಸೂರಗಳನ್ನು ಅದಕ್ಕಾಗಿಯೇ ಅಲ್ಲವೇ ಅದರಲ್ಲಿ ಇಟ್ಟಿರುವುದು? ನೆಟ್ಟಗೆ ನೆತ್ತಿಯ ಮೇಲೆ ಬಂದು ನಿಲ್ಲಬೇಕೆಂಬ ಹಟ ಚಿತ್ರದ ಅಂದಕ್ಕಾಗಿ ಮಾತ್ರ.

ಇಷ್ಟೆಲ್ಲವನ್ನೂ ಈ ಸಂಚಿಕೆಯಲ್ಲಿ ಬರೆಯುವುದಕ್ಕೆ ಕಾರಣವಿದೆ. ನಮ್ಮ ಶ್ರೀಮಠದ ರಥೋತ್ಸವವೂ ಶಾಲೆಯ ವಾರ್ಷಿಕೋತ್ಸವವೂ ಒಂದೇ ವಾರದಲ್ಲಿ ಬರುವುದು ವಾಡಿಕೆ. ಎರಡನ್ನೂ ಡ್ರೋನಿನಿಂದ ಚಿತ್ರೀಕರಿಸಿ ಹಳೆಯ ವಿದ್ಯಾರ್ಥಿಗಳಿಗೆ ಕಳುಹಿಸಬೇಕೆಂದು ಸಮಿತಿಯ ಮುಂದೆ ಸೂಚನೆ ಬಂದಿದೆ. ದೂರದೇಶಗಳಲ್ಲಿರುವ ನಮ್ಮ ಮಕ್ಕಳು ಊರಿನ ತೇರನ್ನು ಕಾಣಲೆಂಬ ಅಭಿಲಾಷೆ ಶ್ಲಾಘ್ಯವಾದುದು. ಆದರೆ ಜಾತ್ರೆಗೆ ಬರುವವರನ್ನು ಕರೆದವರು ನಾವು. ಮೆರವಣಿಗೆಯಲ್ಲಿ ಸಾಲಾಗಿ ನಡೆಯುವ ಸಾವಿರದಷ್ಟು ಬಾಲಕ ಬಾಲಕಿಯರನ್ನು ಸಾಲಿನಲ್ಲಿ ನಿಲ್ಲಿಸಿ, ಅಲುಗಬೇಡಿರೆಂದು ಆಜ್ಞಾಪಿಸುವವರೂ ನಾವೇ. ಸರಿಯಬೇಡವೆಂದು ನಾವೇ ಹೇಳಿ ನಿಲ್ಲಿಸಿದ ಮಕ್ಕಳ ಮೇಲೆ ಅಲಗು ತಿರುಗಿಸುವ ಹಕ್ಕನ್ನು ಯಾರಿಗೂ ಕೊಡಲು ನಮಗೆ ಅಧಿಕಾರವಿಲ್ಲ.

ಆದುದರಿಂದ ಸಮಿತಿಯವರಲ್ಲಿ ನನ್ನ ಅರಿಕೆ ಇದು. ಡ್ರೋನು ತರುವವನ ನೋಂದಣಿ, ಪ್ರಮಾಣಪತ್ರ, ವಿಮೆಗಳನ್ನು ಮುಂಗಡ ಹಣ ಕೊಡುವ ಮೊದಲೇ ನೋಡಬೇಕು. ಅಡುಗೆಯವರನ್ನು ಗೊತ್ತುಮಾಡುವಾಗ ವಿಚಾರಿಸುವಷ್ಟಾದರೂ ವಿಚಾರಿಸಬೇಕು. ಜನರಿರುವೆಡೆಯ ಮೇಲೆ ಹಾರಿಸತಕ್ಕದ್ದಲ್ಲವೆಂದು ಕರಾರಿನಲ್ಲಿ ಬರೆಯಿಸಬೇಕು. ತೇರು ಚಲಿಸುವಷ್ಟು ಹೊತ್ತು ಯಂತ್ರವು ನೆಲದ ಮೇಲಿರಬೇಕು. ಮುಂಜಾನೆ ಬಯಲು ಬರಿದಾಗಿರುವಾಗ ಶೃಂಗರಿಸಿದ ತೇರನ್ನು ಎಷ್ಟು ಬೇಕಾದರೂ ಸುತ್ತಿ ಚಿತ್ರ ತೆಗೆಯಲಿ. ಹೊರಗಿನಿಂದ ಬಂದವರು ತಮ್ಮಿಚ್ಛೆಯಂತೆ ಹಾರಿಸಿದರೆ ಏನು ಮಾಡುವುದೆಂದು ಕೇಳುವವರಿಗೆ ಆ ೨೦೨೧ರ ನಿಯಮಾವಳಿಯಲ್ಲಿಯೇ ಉತ್ತರವಿದೆ. ತುರ್ತು ಅಗತ್ಯ ಕಂಡಲ್ಲಿ ಪೊಲೀಸ್ ಸೂಪರಿಂಟೆಂಡೆಂಟರ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯು ಒಂದು ಪ್ರದೇಶವನ್ನು ಒಂದು ಸಲಕ್ಕೆ ೯೬ ಗಂಟೆಗಳವರೆಗೆ ತಾತ್ಕಾಲಿಕ ಕೆಂಪು ವಲಯವೆಂದು ಸಾರಬಹುದು. ತೊಂಬತ್ತಾರು ಗಂಟೆಯೆಂದರೆ ನಾಲ್ಕು ದಿನ. ನಮ್ಮ ಜಾತ್ರೆಯ ಮುಖ್ಯ ದಿನಗಳು ಮೂರು. ತಿಂಗಳು ಮುಂಚಿತವಾಗಿ ಮನವಿ ಸಲ್ಲಿಸಿದರೆ ಅವರು ಪರಿಶೀಲಿಸದೆ ಇರಲಾರರು. ಮನವಿಯ ಕರಡನ್ನು ಬರೆದುಕೊಡುವ ಹೊಣೆ ನನಗಿರಲಿ.

ಮುಖಪುಟದ ಚಿತ್ರದ ಚಿಂತೆ ಸಂಪಾದಕ ಮಿತ್ರರನ್ನು ಕಾಡುತ್ತಿದ್ದುದು ನನಗೆ ಗೊತ್ತು. ಅದನ್ನು ಪ್ರೌಢಶಾಲೆಯ ಮಾಳಿಗೆಯ ಮೇಲೆ ನಿಂತು ತೆಗೆದಿದ್ದಾರೆ. ಕಳಸದ ತುದಿ ತುಸು ಕತ್ತರಿಸಿ ಹೋಗಿದೆ. ಮಿಣಿ ಹಿಡಿದವರ ಮುಖಗಳು ಚೆನ್ನಾಗಿ ಬಂದಿವೆ. ತೆಗೆದವನು ನಾನು ಮೇಲೆ ಹೇಳಿದ ಆ ಹಳೆಯ ವಿದ್ಯಾರ್ಥಿಯೇ. ಹೋದ ವರ್ಷ ಅವನು ತರಬೇತಿ ಮುಗಿಸಿ ಪ್ರಮಾಣಪತ್ರ ಪಡೆದನು. ಆದರೂ ಜಾತ್ರೆಯ ದಿನ ಡ್ರೋನನ್ನು ಮನೆಯಲ್ಲಿಯೇ ಇಟ್ಟು ಬಂದಿದ್ದನು.